ನೋವು ಶುರುವಾದ ಹೊತ್ತು

ಅರಕಲಗೂಡಿನ ನರ್ಸಿಂಗ್ ಹೋಮೊಂದಕ್ಕೆ ಕನ್ನಡ ಬಾರದ ಡಾಕ್ಟರಮ್ಮ ಬಂದ ಮೇಲೆ ಆಯಾ ಹೊನ್ನಕ್ಕನ ಕೆಲಸಕ್ಕೆ ಕುತ್ತು ಬಂತು. ಹೆರಿಗೆ ವಾರ್ಡಿನಲ್ಲಿ ಬಸುರಿಯರ ಪಕ್ಕ ಇರುತ್ತಿದ್ದವಳು ಅವಳೇ. ಡಾಕ್ಟರಮ್ಮ ಮೊದಲು ಕೇಳುತ್ತಿದ್ದುದು ನೋವು ಯಾವಾಗ ಶುರುವಾಯಿತು ಎಂದು. ಇಂಗ್ಲಿಷಿನಲ್ಲಿ ಹೇಳಲು ಬಾರದೆ ಹೊನ್ನಕ್ಕ ಕೈಸನ್ನೆ ಮಾಡುತ್ತಿದ್ದಳು.

ಹೆಡ್ ಸಿಸ್ಟರ್ ಶಾಂತಕುಮಾರಿ ಒಂದು ದಿನ ಹೇಳಿಯೇಬಿಟ್ಟರು. "ಯುಗಾದಿ ಕಳೀಲಿ ಹೊನ್ನಕ್ಕ. ಆಮೇಲೂ ಹಿಂಗೇ ಆದ್ರೆ ನಿಮ್ಮನ್ನ ಬಟ್ಟೆ ಒಗೆಯೋ ಕಡೆ ಹಾಕ್ತೀನಿ."

"ಬಟ್ಟೆ ಒಗ್ಯಾಕೆ ನಂಗೇನು ನಾಚ್ಕೆ ಇಲ್ಲ ಸಿಸ್ಟರ್. ಆದ್ರೆ ಈ ವಾರ್ಡ್ ಬುಟ್ಟು ಓಗಾಕಿಲ್ಲ."

ಅದಕ್ಕೆ ಕಾರಣವಿತ್ತು. ಮಲ್ಲಿಪಟ್ಟಣದಲ್ಲಿ ಅವಳ ಚೊಚ್ಚಲ ಹೆರಿಗೆಯ ಕಾಲಕ್ಕೆ ಅತ್ತೆ ಕಟ್ಟಪ್ಪಣೆ ಮಾಡಿದ್ದಳು: ನೋವು ಬಂದದ್ದನ್ನು ಬಾಯಿಬಿಡಬಾರದು, ಹೇಳಿದರೆ ದೃಷ್ಟಿಯಾಗಿ ಹೆರಿಗೆ ತಡವಾಗುತ್ತದೆ. ಗಂಡ ದ್ಯಾವಯ್ಯ ಗಾಡಿ ಕಟ್ಟುವ ಹೊತ್ತಿಗೆ ಕೈಮೀರಿತ್ತು. ಕೂಸು ಉಳಿಯಲಿಲ್ಲ. ಈಗ ದ್ಯಾವಯ್ಯನೂ ಇಲ್ಲ.

ಊಟದ ಬಿಡುವಿನಲ್ಲಿ ನರ್ಸ್ ಬಿಂದುಶ್ರೀ ಅವಳಿಗೆ ಇಂಗ್ಲಿಷ್ ಹೇಳಿಕೊಡಲು ಕೂತಳು.

"ಟುಡೇ ಮಾರ್ನಿಂಗ್," ಎಂದಳು ಹೊನ್ನಕ್ಕ.

"ಅಲ್ಲ ಕಣಕ್ಕ. ದಿಸ್ ಮಾರ್ನಿಂಗ್ ಅನ್ಬೇಕು. ನಿನ್ನೆ ರಾತ್ರಿಗೆ ಲಾಸ್ಟ್ ನೈಟ್. ಆಗಿನಿಂದ ಇನ್ನೂ ನೋಯ್ತಾ ಐತೆ ಅನ್ನಕೆ ಮೊದ್ಲಿಗೆ ಸಿನ್ಸ್ ಸೇರಿಸ್ಕೋ."

"ನಿನ್ನೆ ಅನ್ನಾದು ಎಲ್ಲೋಯ್ತವ್ವ ಅದ್ರಲ್ಲಿ?"

"ಅವ್ರು ನುಂಗ್ಬುಟ್ಟವ್ರೆ. ನೀನೂ ನುಂಗು."

ಹೊನ್ನಕ್ಕ ನೆಲ ಒರೆಸುವಾಗಲೂ ಬಸ್ಸಿನಲ್ಲಿ ಕೂತಾಗಲೂ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಪಕ್ಕದ ಸೀಟಿನವಳು ಕೇಳಿದಳು, "ಯಾವ್ ದೇವ್ರ ಜಪನಕ್ಕ?"

"ಹೆರಿಗೆ ದೇವ್ರುದು. ಇಂಗ್ಲೀಸಲ್ಲೇ ಏಳ್ಬೇಕಂತೆ."

ಯುಗಾದಿಗೆ ಇನ್ನೇನು ವಾರವಿದೆ ಎನ್ನುವಾಗ, ಬೆಳಿಗ್ಗೆಯೇ ಕೊಣನೂರಿನಿಂದ ಆಶಾರಾಣಿ ಎಂಬ ಚೊಚ್ಚಲ ಬಸುರಿ ಅತ್ತೆ ಪುಟ್ಟತಾಯಮ್ಮನ ಜೊತೆ ಬಂದಳು. ಡಾಕ್ಟರಮ್ಮ ಎಂದಿನ ಪ್ರಶ್ನೆ ಕೇಳಿದರು. ಹೊನ್ನಕ್ಕ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, "ಈಗ್ತಾನೆ, ಆಟೋ ಹತ್ತುವಾಗ," ಎಂದರು ಪುಟ್ಟತಾಯಮ್ಮ. ಸೊಸೆ ಹೌದೆಂದು ತಲೆಯಾಡಿಸಿದಳು.

ಜಸ್ಟ್ ನೌ. ಹೊನ್ನಕ್ಕನಿಗೆ ಎಲ್ಲಕ್ಕಿಂತ ಸಲೀಸಾಗಿ ಬರುತ್ತಿದ್ದ ಮಾತು ಅದು. ನಾಲಿಗೆಯ ತುದಿಗೂ ಬಂತು. ಆದರೆ ಹುಡುಗಿಯ ತುಟಿ ಕಚ್ಚಿ ಕಚ್ಚಿ ಊದಿತ್ತು. ಆಟೋದಲ್ಲಿ ಬಂದಷ್ಟು ಹೊತ್ತಿಗೆ ತುಟಿ ಹಾಗಾಗುವುದಿಲ್ಲ.

"ಒನ್ ಮಿನಿಟ್ ಡಾಕ್ಟರ್," ಎಂದು ಅವಳು ಪುಟ್ಟತಾಯಮ್ಮನ ಕಡೆ ತಿರುಗಿದಳು. "ಅಮ್ಮಾವ್ರೆ, ಒಂಚೂರು ಆಚೆ ಕೂತ್ಕಳಿ."

"ಯಾಕೆ, ನಾನು ಹೇಳಿದ್ದು ಸುಳ್ಳಾ?"

"ನಮ್ಮತ್ತೇನೂ ಇಂಗೇ ನೋವು ಮುಚ್ಚಿಡ್ಸಿದ್ರು. ನನ್ ಕೂಸು ಉಳೀನಿಲ್ಲ."

ಪುಟ್ಟತಾಯಮ್ಮ ಬಾಗಿಲಾಚೆ ಹೋಗಿ ಕೂತರು.

ಹೊನ್ನಕ್ಕ ಹುಡುಗಿಯ ಕೈ ಹಿಡಿದಳು. ಗಂಟೆ ಕೇಳಲಿಲ್ಲ. "ಮಗಾ, ಮೊದ್ಲು ನೋವು ಬಂದಾಗ ಏನ್ ಮಾಡ್ತಿದ್ದೆ?"

"ಮುದ್ದೆ ತಿರುವ್ತಿದ್ದೆ."

"ರಾತ್ರಿ ಊಟದ್ದಾ?"

"ಊಂ. ಆಗಿಂದ ನಿಂತೇ ಇಲ್ಲ. ಯಾರ್ಗೂ ಹೇಳ್ಬೇಡ ಅಂದ್ರು." ಹುಡುಗಿ ಅಳಲು ಶುರುಮಾಡಿದಳು.

ಹೊನ್ನಕ್ಕ ನೆಟ್ಟಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಡಾಕ್ಟರ್. ಸಿನ್ಸ್ ಲಾಸ್ಟ್ ನೈಟ್. ನಾಟ್ ಜಸ್ಟ್ ನೌ."

ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಲೇ ಸಿಸ್ಟರನ್ನು ಕೂಗಿದರು. ಮಗುವಿನ ಎದೆಬಡಿತ ನೋಡಿ, ಕಾಯುವಂತಿಲ್ಲವೆಂದು ಆಪರೇಷನ್ ಮಾಡಿದರು. ಹೆಣ್ಣು ಕೂಸು ಅತ್ತ ಸದ್ದು ಬಾಗಿಲಾಚೆಗೂ ಕೇಳಿತು.

ಆಚೆ ಬಂದ ಶಾಂತಕುಮಾರಿ, "ಬಟ್ಟೆ ಕಡೆಗೆ ಬೇರೆಯವ್ರನ್ನ ನೋಡ್ತೀನಿ ಬಿಡಿ ಹೊನ್ನಕ್ಕ," ಎಂದು ಮುಂದಕ್ಕೆ ನಡೆದರು.

ಪುಟ್ಟತಾಯಮ್ಮ ಎದ್ದು ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಯಾವಾಗಾಯ್ತು ಹೊನ್ನಕ್ಕ?"

"ಈಗ್ತಾನೆ ಕಣಮ್ಮಾವ್ರೆ," ಎಂದಳು ಹೊನ್ನಕ್ಕ. "ಇದು ದಿಟವಾದ ಈಗ್ತಾನೆ."