ಬಾಗಿಲ ಹಿಂದಿನ ಚಾಕ್ ಗುರುತು

ಬಾಯಮ್ಮನ ಕೊರಳಲ್ಲಿ ಯಾವಾಗಲೂ ಎರಡು ಸರ ಇರುತ್ತಿದ್ದವು. ಒಂದು ಕಪ್ಪು ಮಣಿಯ ಜಪಸರ, ಇನ್ನೊಂದು ಅಳತೆಯ ಟೇಪು. ಟೇಪಿನ ಅಂಕಿಗಳೆಲ್ಲ ಮಾಸಿದ್ದರೂ ಅವರಿಗೆ ತೊಂದರೆಯಿರಲಿಲ್ಲ. ಬೆರಳು ಸರಿಸುತ್ತಾ ಹೋಗಿ ಸರಿಯಾದ ಇಂಚಿನಲ್ಲಿ ನಿಲ್ಲಿಸುತ್ತಿದ್ದರು. ತುಟಿಯ ಮೂಲೆಯಲ್ಲಿ ನಾಲ್ಕೈದು ಗುಂಡುಪಿನ್ನು. ಮೀನಿನ ರೇಟು, ಓಣಿಯ ಸುದ್ದಿ, ನನಗೆ ಬೈಗುಳ ಎಲ್ಲವೂ ಆ ಪಿನ್ನುಗಳ ಸಂದಿಯಿಂದಲೇ ಬರುತ್ತಿತ್ತು.

ಬಾಯಮ್ಮ ಎಂಬುದು ಹೆಸರಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಸುರತ್ಕಲ್ಲಿನಲ್ಲಿ ಹೈವೇಯಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ ಅವರದೂ ನಮ್ಮದೂ ಒಂದೇ ಕಂಪೌಂಡ್ ಗೋಡೆಯ ಆಚೀಚೆಯ ಮನೆ. ಅವರಿಗೆ ಮದುವೆಯಾಗಿರಲಿಲ್ಲ. ಹೊಲಿಗೆ ಮೆಷಿನ್ನೇ ಸಂಸಾರ. ನಾನು ಮದುವೆಯಾಗಿ ಈ ಓಣಿಗೆ ಬಂದ ಮೊದಲ ವಾರವೇ ನನ್ನನ್ನು ಕರೆದು ಅಳತೆ ತೆಗೆದು ಬ್ಲೌಸು ಹೊಲಿದುಕೊಟ್ಟವರು ಅವರು. "ಒಳಗೆ ಬಟ್ಟೆ ಬಿಟ್ಟಿದ್ದೇನೆ ಮಗಾ. ನೀನು ದಪ್ಪ ಆಗ್ತಿ, ಆಗದೆ ಇರುದಿಲ್ಲ. ಆಗ ಬಿಚ್ಚಿದರಾಯ್ತು" ಎಂದಿದ್ದರು. ನನಗೆ ಸಿಟ್ಟು ಬಂದಿತ್ತು. ಎರಡೇ ವರ್ಷಕ್ಕೆ ಬಿಚ್ಚಿಸಿಕೊಳ್ಳಲು ಹೋದೆ. ನಾವು ಆಡುತ್ತಿದ್ದುದು ತುಳು, ಅವರ ತುಳುವಿಗೆ ಕೊಂಕಣಿಯ ರಾಗ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಆ ರಾಗ ತಪ್ಪಿಹೋಗುತ್ತಿದೆ.

ಸಂಜೆ ಚರ್ಚಿನ ಗಂಟೆ ಕೇಳಿದರೆ ತೋಳು ಅರ್ಧ ಹೊಲಿದಿದ್ದರೂ ಮೆಷಿನ್ ನಿಲ್ಲುತ್ತಿತ್ತು. ಆಮೇಲೆ ಜಪಸರದ ಪ್ರಾರ್ಥನೆ. ಅದರ ಗುನುಗು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದು ಮುಗಿಯುವ ಹೊತ್ತಿಗೆ ನನ್ನ ಗಂಜಿ ಇಳಿಸುವ ಹೊತ್ತು. ನನಗೆ ಅದು ಗಡಿಯಾರ, ಅಷ್ಟೆ.

ನನ್ನ ಗಂಡ ಮೀನಿನ ಬಂದರು ಧಕ್ಕೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವರು. ಆ ವರ್ಷ ಮಳೆಗಾಲದ ರಜೆಗೆ ಮುಂಚಿನ ಕೊನೆಯ ಟ್ರಿಪ್ಪಿಗೆ ಹೋಗಿದ್ದರು. ಚಂಡಮಾರುತ ಬರುತ್ತದೆಂದು ಟಿವಿಯಲ್ಲಿ ಹೇಳಿದ ಮೇಲೆ ಒಂದೊಂದಾಗಿ ಬೋಟುಗಳು ಹಿಂದೆ ಬಂದವು. ಇವರದು ಬರಲಿಲ್ಲ. ಫೋನು ಹೋಗುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಗಾಳಿ ಸುರುವಾಯಿತು. ಹಂಚು ಹಾರಿತು, ತೆಂಗಿನಮರ ಕರೆಂಟಿನ ತಂತಿಯ ಮೇಲೆ ಬಿತ್ತು, ಮಧ್ಯಾಹ್ನಕ್ಕೆ ನನ್ನ ಮೊಬೈಲೂ ಸತ್ತಿತು. ಹಗಲಿರುಳು ಕೇಳುವ ಹೈವೇಯ ಲಾರಿಗಳ ಸದ್ದೂ ಇಲ್ಲ. ಕಡಲು ಮಾತ್ರ ಹೊಸ್ತಿಲಲ್ಲೇ ನಿಂತು ಬೊಬ್ಬೆ ಹೊಡೆಯುವ ಹಾಗೆ ಕೇಳುತ್ತಿತ್ತು. ನಾನು ನಮ್ಮ ದೈವಕ್ಕೆ ಹೇಳಿಕೊಂಡು, ಹರಕೆಯ ನಾಣ್ಯ ಬಟ್ಟೆಯಲ್ಲಿ ಕಟ್ಟಿಟ್ಟು ಆಗಿತ್ತು. ಆದರೂ ಒಬ್ಬಳೇ ಕೂತಿದ್ದರೆ ಹುಚ್ಚು ಹಿಡಿಯುತ್ತದೆ ಅನಿಸಿತು.

ಇಲ್ಲೊಂದು ವಿಷಯ ಸರಿಯಾಗಿ ಬರೆಯಬೇಕು. ನನ್ನನ್ನು ಯಾರೂ ಕರೆಯಲಿಲ್ಲ. ಕಂಪೌಂಡ್ ಗೋಡೆ ಬಿದ್ದಿತ್ತು, ಅದರ ಕಲ್ಲಿನ ಮೇಲೆ ಹತ್ತಿ ಇಳಿದು, ಒದ್ದೆ ಮುದ್ದೆಯಾಗಿ ಬಾಯಮ್ಮನ ಬಾಗಿಲು ಬಡಿದವಳು ನಾನೇ. "ಬಾಯಮ್ಮ, ನಿಮ್ಮ ದೇವರಿಗೂ ಒಂದು ಹೇಳಿ" ಎಂದವಳೂ ನಾನೇ.

ಅವರು ಮೊದಲು ನನ್ನ ತಲೆ ಒರೆಸಿದರು. ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿದ್ದ ಒಣಗಿದ ತೆಂಗಿನ ಗರಿ ತೆಗೆದರು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವಾದ ಮಾಡಿ ಕೊಟ್ಟದ್ದು. ಸಿಡಿಲು ಗಾಳಿ ಜೋರಾದಾಗ ಅದರದೊಂದು ತುಂಡು ಕೆಂಡಕ್ಕೆ ಹಾಕುವುದು ಅವರಲ್ಲಿ ವಾಡಿಕೆ. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಅದು ಚಟಪಟ ಎಂದು ಹೊಗೆಯಾಯಿತು. ಮೇಣದಬತ್ತಿ ಹಚ್ಚಿ ಮೊಣಕಾಲೂರಿದರು. ನಾನೂ ಊರಿದೆ. ಗಾಳಿ ನಿಲ್ಲಿಸು ದೇವರೇ, ಗಾಳಿ ನಿಲ್ಲಿಸು ಎಂದು ನಾನು ಅರಚುತ್ತಿದ್ದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನಿಲ್ಲಿಸು ಹೇಳಬೇಡ. ಅದು ನಿಲ್ಲುವಾಗ ನಿಲ್ತದೆ. ಅವನ ಒಟ್ಟಿಗೆ ಇರು ಅಂತ ಹೇಳು. ನಮ್ಮ ಸ್ವಾಮಿ ಮೀನಿನವರ ಒಟ್ಟಿಗೆ ತಿರುಗಿದವನು, ಗಾಳಿಯಲ್ಲಿ ಬೋಟಿನಲ್ಲಿ ಮಲಗಿದವನು. ಅವನಿಗೆ ಕಡಲು ಗೊತ್ತುಂಟು."

ಹಾಗೆಯೇ ಹೇಳಿದೆ. ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಹೊರಗೆ ಗಾಳಿ ಒಂದಿಷ್ಟೂ ಕಡಿಮೆಯಾಗಲಿಲ್ಲ, ನನ್ನ ಅರಚಾಟ ಮಾತ್ರ ನಿಂತಿತು. ಗಂಡನ ಇಂಜಿನ್ ರೂಮಿನಲ್ಲಿ ಇನ್ನೊಬ್ಬರು ಕೂತಿದ್ದಾರೆ ಅನಿಸಿತು. ಅಷ್ಟು ಸಮಾಧಾನ ನನಗೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ನಾನು ಜಾತಿ ಬಿಟ್ಟವಳಲ್ಲ, ಇವತ್ತಿಗೂ ದೈವದ ಕೋಲಕ್ಕೆ ಹೋಗುತ್ತೇನೆ. ಆದರೆ ಆ ಮಧ್ಯಾಹ್ನ ನಾನು ನಂಬಿದ್ದು ಸುಳ್ಳಲ್ಲ.

ಆಗಲೇ ಹರಕೆ ಹೇಳಿಕೊಂಡೆ. ಗಂಡ ಬಂದರೆ ಅವರ ಎತ್ತರದ ಮೇಣದಬತ್ತಿಯನ್ನು ಚರ್ಚಿಗೆ ನಡೆದುಕೊಂಡೇ ಹೋಗಿ ಕೊಡುತ್ತೇನೆ ಎಂದು. ನನ್ನ ಅಜ್ಜಿಯೂ ಹೀಗೆ ಚರ್ಚಿಗೆ ಮೇಣದಬತ್ತಿ ಹೇಳಿಕೊಂಡವರೇ. ಬಾಯಮ್ಮ ಕೂಡಲೇ ಎದ್ದರು. ಅವನ ಎತ್ತರ ಎಷ್ಟು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಎತ್ತರ ಗೊತ್ತಿಲ್ಲ! ನನ್ನ ತಲೆ ಅವರ ಕಿವಿಗೆ ಬರುತ್ತದೆ ಎಂದೆ. ಒಳಕೋಣೆಯ ಬಾಗಿಲ ಹಿಂದೆ ನನ್ನನ್ನು ನಿಲ್ಲಿಸಿ, ಗಂಡನ ತಲೆ ಎಲ್ಲಿಗೆ ಬರುತ್ತದೆಂದು ಕೈಯಿಂದ ತೋರಿಸಲು ಹೇಳಿದರು. ನನ್ನ ಅಂಗೈಯ ಕೆಳಗೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಬಾಗಿಲ ಮೇಲೆಯೇ ಗೆರೆ ಎಳೆದರು. ಟೇಪು ಸಾಲದೆ ಬೆರಳಿಟ್ಟು ಎರಡು ಸಲ ಅಳೆದು, ಪಕ್ಕದಲ್ಲಿ ಅರುವತ್ತೇಳು ಎಂದು ಬರೆದರು. ಸಣ್ಣದೊಂದು ಶಿಲುಬೆಯನ್ನೂ ಹಾಕಿದರು.

ಸೋಮವಾರ ಕರೆಂಟು ಬಂತು, ಹಿಂದೆಯೇ ಫೋನೂ ಬಂತು. ಬೋಟು ಕಾರವಾರದಲ್ಲಿ ದ್ವೀಪದ ಮರೆಯಲ್ಲಿ ನಿಂತಿದೆ, ಎಲ್ಲರೂ ಇದ್ದಾರೆ. ಬಾಯಮ್ಮ ಅತ್ತರು. ಪಿನ್ನಿಲ್ಲದ ಅವರ ಬಾಯಿಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ.

ಮರುದಿನ ನನ್ನ ಗಂಡನ ಅಕ್ಕ ನಂತೂರಿನಿಂದ ಬಂದರು. ಬರುವ ದಾರಿಯಲ್ಲೇ ಯಾರೋ ಅವರ ಕಿವಿ ತುಂಬಿದ್ದರು: ನಿಮ್ಮ ತಮ್ಮನ ಹೆಂಡತಿ ಬಾಯಮ್ಮನಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದಳು ಎಂದು. ಅಜ್ಜಿಯ ಕಾಲದಲ್ಲಿ ಇದು ಸುದ್ದಿಯೇ ಅಲ್ಲ. ಈಗ ಕಾಲ ಹಾಗಿಲ್ಲ. ಅಂಗಳದಲ್ಲಿ ಓಣಿಯ ಏಳೆಂಟು ಜನ ಹಂಚು ಹೆಕ್ಕುತ್ತಿದ್ದರು. ಬಾಯಮ್ಮ ಬಿದ್ದ ಗೋಡೆಯ ಆಚೆ ನಿಂತು ಕಲ್ಲು ಜೋಡಿಸುತ್ತಿದ್ದರು. ಅಕ್ಕ ಎಲ್ಲರೆದುರು ಕೇಳಿದರು, ಅವರು ನಿನ್ನನ್ನು ಮತಕ್ಕೆ ಸೇರಿಸುತ್ತಿದ್ದಾರಾ ಎಂದು.

"ಇಲ್ಲಕ್ಕ, ನಾನೆಂತ ಪ್ರಾರ್ಥನೆ ಮಾಡುದು? ಕರೆಂಟಿರ್ಲಿಲ್ಲ. ಅವರೇ ಕರೆದು ಕೂರಿಸಿದ್ದು" ಎಂದೆ.

ಹೇಳುವಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ. ಎಲ್ಲರೂ ಗೋಡೆಯ ಆಚೆಗೆ ತಿರುಗಿದರು. ಬಾಯಮ್ಮ ಕೈಯಲ್ಲಿದ್ದ ಕಲ್ಲನ್ನು ಮೆಲ್ಲ ಕೆಳಗಿಟ್ಟು, "ಹೌದು, ನಾನೇ ಕರೆದದ್ದು. ಒಬ್ಬಳೇ ಹೆದರ್ತಾಳೆ ಅಂತ" ಎಂದರು. ಮತ್ತೆ ಕಲ್ಲು ಜೋಡಿಸಲು ಸುರು ಮಾಡಿದರು.

ಆಮೇಲೆ ಓಣಿಯ ಬ್ಲೌಸುಗಳು ಅವರ ಮನೆಗೆ ಹೋಗುವುದು ಕಡಿಮೆಯಾಯಿತು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಪೇಟೆಯಲ್ಲಿ ಕೊಟ್ಟೆವು ಎನ್ನುತ್ತಿದ್ದರು. ಥೂ, ನಾನೂ ಪೇಟೆಯಲ್ಲೇ ಕೊಟ್ಟೆ! ಮೆಷಿನ್ನಿನ ಸದ್ದು ಬೇಗ ನಿಲ್ಲುವುದನ್ನು ನನ್ನ ಅಡುಗೆಮನೆಯಿಂದ ದಿನಾ ಕೇಳುತ್ತಿದ್ದೆ. ಹರಕೆಯ ನೆನಪು ಬಂದರೆ ಮುಂದಿನ ತಿಂಗಳು, ಹಬ್ಬ ಕಳೆಯಲಿ, ಅಕ್ಕನ ಮಗಳ ಮದುವೆ ಮುಗಿಯಲಿ ಎಂದು ತಳ್ಳಿದೆ. ಗಂಡನಿಗೆ ಕೂಡ ಹೇಳಲಿಲ್ಲ. ಬಾಯಮ್ಮ ಒಂದು ದಿನವೂ ಕೇಳಲಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿ ಗೋಡೆಯ ಮೇಲಿಂದ ಬರುತ್ತಲೇ ಇತ್ತು. ಒಮ್ಮೆ ಮಾತ್ರ, ಪೇಟೆಯ ದರ್ಜಿ ಹೊಲಿದ ನನ್ನ ಬ್ಲೌಸಿನ ತೋಳು ಹಿಡಿದು ನೋಡಿ, "ಒಳಗೆ ಏನೂ ಬಿಡಲಿಲ್ಲ ಮಾರಾಯ್ತಿ ಇವನು" ಎಂದರು. ನಾನು ನಳ್ಳಿಯಲ್ಲಿ ನೀರು ಬಂತೆಂದು ಸುಳ್ಳು ಹೇಳಿ ಒಳಗೆ ಓಡಿದೆ.

ಈ ವರ್ಷ ಗರಿಗಳ ಭಾನುವಾರ ಕಳೆದು ಹತ್ತು ದಿನಕ್ಕೆ ಬಾಯಮ್ಮ ತೀರಿಕೊಂಡರು. ಬೆಳಿಗ್ಗೆ ಮೆಷಿನ್ನಿನ ಮುಂದೆ ಕೂತವರು ಹಾಗೇ ಒರಗಿದ್ದರಂತೆ. ಓಣಿಗೆ ಓಣಿಯೇ ಬಂತು. ಅಕ್ಕನೂ ಬಂದರು. ನನ್ನ ಗಂಡ ಕುರ್ಚಿ ತರಲು ಒಳಕೋಣೆಗೆ ಹೋದವರು ನನ್ನನ್ನು ಕರೆದರು. ಬಾಗಿಲ ಹಿಂದೆ ನಿಂತಿದ್ದರು. ಚಾಕ್‌ಪೀಸಿನ ಗೆರೆ ಅವರ ನೆತ್ತಿಗೆ ಸರಿಯಾಗಿ ಇತ್ತು.

"ಎಂತ ಇದು? ನನ್ನ ಅಳತೆಯ ಹಾಗೆ ಉಂಟಲ್ಲ" ಎಂದರು.

ಚಾಕ್‌ಪೀಸಿನ ಗುರುತು ಅಷ್ಟು ವರ್ಷ ಉಳಿಯುವುದಿಲ್ಲ. ಬಾಗಿಲು ತೆರೆದು ಮುಚ್ಚಿ ಒಂದು ಮಳೆಗಾಲದಲ್ಲೇ ಅಳಿಸಿಹೋಗಬೇಕಿತ್ತು. ಆದರೆ ಆ ಗೆರೆ ದಪ್ಪಗಾಗಿತ್ತು, ಬೆರಳಿಟ್ಟರೆ ಪುಡಿ ಅಂಟುತ್ತಿತ್ತು. ಅಳಿಸಿದಾಗಲೆಲ್ಲ ಬಾಯಮ್ಮ ಅದರ ಮೇಲೆಯೇ ಮತ್ತೆ ಎಳೆದಿದ್ದರು. ಅರುವತ್ತೇಳನ್ನೂ ಶಿಲುಬೆಯನ್ನೂ ಮತ್ತೆ ಮತ್ತೆ ಬರೆದಿದ್ದರು. ನಾನು ಒಂದು ದಿನ ಹರಕೆ ತೀರಿಸಲು ಬಂದೇ ಬರುತ್ತೇನೆಂದು ಅವರು ಕಾದಿದ್ದರು.

ನಾನು ಅಲ್ಲಿಯೇ ಅಳುತ್ತಾ ಗಂಡನಿಗೆ ಎಲ್ಲ ಹೇಳಿದೆ. ಅಳು ಕೇಳಿ ಅಕ್ಕನೂ ಓಣಿಯ ಹೆಂಗಸರೂ ಬಾಗಿಲಿಗೆ ಬಂದರು. ಅವರೆದುರೂ ಹೇಳಿದೆ, "ಬಾಯಮ್ಮ ಕರೆದದ್ದಲ್ಲಕ್ಕ. ನಾನೇ ಹೋದದ್ದು. ನಾನೇ ಪ್ರಾರ್ಥನೆ ಮಾಡಿದ್ದು."

ಅಕ್ಕ, "ಅದೆಲ್ಲ ಈಗ ಯಾಕೆ ಮಾರಾಯ್ತಿ" ಎಂದರು. ಸಿಟ್ಟಿನಿಂದಲ್ಲ. ಅವರಿಗೆ ಅದು ಮರೆತೇ ಹೋಗಿತ್ತು.

ಮೂರನೆಯ ದಿನ ಅರುವತ್ತೇಳು ಇಂಚಿನ ಮೇಣದಬತ್ತಿಯನ್ನು ಒಂದು ತುದಿ ನಾನು, ಒಂದು ತುದಿ ಗಂಡ ಹಿಡಿದು ಹಗಲಿನಲ್ಲೇ, ಓಣಿಯ ನಡುವಿನಿಂದಲೇ ಚರ್ಚಿಗೆ ನಡೆದುಕೊಂಡು ಹೋದೆವು. ಅವರವರ ಮನೆಯ ಮೆಟ್ಟಿಲಲ್ಲಿ ಕೂತು ಎಲ್ಲರೂ ನೋಡಿದರು. ಯಾಕೆ, ಯಾರು ಕರೆದದ್ದು ಎಂದು ಒಬ್ಬರಾದರೂ ಕೇಳಲಿ ಎಂದು ನಾನು ನಿಂತು ನಿಂತು ಹೋದೆ. ಯಾರೂ ಕೇಳಲಿಲ್ಲ.