ತವರಿನ ದಾರಿಯಲ್ಲೇ ಕೆಡುವ ಪಿಕಪ್

ಗಂಡನ ಮೇಲೆ ಗುಮಾನಿಪಡುವ ಹೆಂಡತಿಯರು ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಗಂಡ ಮತ್ತು ಗಾಡಿ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದು ಗುಮಾನಿಪಟ್ಟವಳು ಬಹುಶಃ ನಾನೊಬ್ಬಳೇ.

ಶಹಾಪುರದಲ್ಲಿ ನಮ್ಮದೊಂದು ರೊಟ್ಟಿ ಕೇಂದ್ರವಿದೆ. ಓಣಿಯ ಹೆಂಗಸರ ಜೊತೆ ಕೂತು ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ನಮ್ಮ ಮನೆಯವರು ಅವನ್ನು ಹಳೆಯ ಪಿಕಪ್‌ನಲ್ಲಿ ಹೇರಿಕೊಂಡು ಯಾದಗಿರಿಯ ಖಾನಾವಳಿಗಳಿಗೆ, ಸೈದಾಪುರದ ಕಡೆಯ ಕಾರ್ಖಾನೆ ಕ್ಯಾಂಟೀನುಗಳಿಗೆ ಮುಟ್ಟಿಸುತ್ತಾರೆ. ಈ ಪಿಕಪ್ ನಮ್ಮ ಕೈಗೆ ಬರುವ ಮೊದಲೇ ಎಷ್ಟು ಯಜಮಾನರನ್ನು ಕಂಡಿತ್ತೋ ಏನೋ. ಗೇರು ಬದಲಿಸಿದರೆ ನರಳುತ್ತದೆ, ಏರು ಬಂದರೆ ಕೆಮ್ಮುತ್ತದೆ. ನಮ್ಮೂರಲ್ಲಿ ಬುದ್ಧ ಮಲಗಿದ ಹಾಗೆ ಬೆಟ್ಟವೇ ಮಲಗಿದೆ, ಅದನ್ನು ಯಾರೂ ಎಬ್ಬಿಸಲು ಹೋಗುವುದಿಲ್ಲ. ಪಿಕಪ್ ಮಲಗಿದರೆ ಮಾತ್ರ ಓಣಿಯವರೆಲ್ಲ ಬಂದು ನೂಕಬೇಕು.

ಹಳೆಯ ಗಾಡಿ ಕೆಡುವುದು ಸಹಜ. ನನಗೆ ಸಹಜವೆನ್ನಿಸದ್ದು ಅದು ಕೆಡುವ ದಿನಗಳು. ನಾದಿನಿಯ ಊರು ಸುರಪುರ. ಅತ್ತ ಹೊರಟರೆ ಎಳೆಯ ಹೋರಿಯ ಹಾಗೆ ಓಡುತ್ತದೆ. ನನ್ನ ತವರು ಕೊಂಕಲ್. ಇತ್ತ ಹೊರಟ ದಿನ ಒಮ್ಮೆ ಕ್ಲಚ್ಚು, ಒಮ್ಮೆ ಡೀಸೆಲ್ ಪೈಪು. ತಮ್ಮನ ಹೊಸ ಮನೆಯ ವಾಸ್ತುಶಾಂತಿಗೂ, ಅವನ ಬಸುರಿ ಹೆಂಡತಿಯ ಕುಬಸಕ್ಕೂ ನಾನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಊಟ ಮುಗಿದು ಪಾತ್ರೆ ತಿಕ್ಕುತ್ತಿದ್ದರು. ಮನೆಯವರು ಎರಡು ಸಲವೂ ಗಾಡಿಯ ಕಾವಲಿಗೆ ಉಳಿದುಕೊಂಡರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದಷ್ಟು ದುಃಖ ಕಾಣಲಿಲ್ಲ.

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದಕ್ಕೆ ತರ್ಕಶಾಸ್ತ್ರದಲ್ಲಿ ‘ಅನುಮಾನ’ ಎನ್ನುತ್ತಾರೆ ಎಂದು ಕನ್ನಡ ಮಾಸ್ತರರಾಗಿದ್ದ ಅಪ್ಪ ಹೇಳುತ್ತಿದ್ದರು. ಅದು ಜ್ಞಾನದ ದಾರಿಯಂತೆ. ನಮ್ಮ ಕಡೆಯ ಗುಮಾನಿಗೆ ಅಷ್ಟು ಮರ್ಯಾದೆ ಇಲ್ಲ. ಅದಕ್ಕೆ ಹೊಗೆಯೊಂದೇ ಸಾಕು. ನಮ್ಮ ಪಿಕಪ್‌ನಿಂದಲಂತೂ ಹೊಗೆ ಸದಾ ಬರುತ್ತದೆ.

ಈ ಸಲ ತಮ್ಮನ ಮಗಳಿಗೆ ತೊಟ್ಟಿಲು ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಬೆಳಿಗ್ಗೆ ಕಾರ್ಯದ ಊಟಕ್ಕೆಂದು ಬುಟ್ಟಿಗಟ್ಟಲೆ ರೊಟ್ಟಿ ಹೇರಿ ನಿಂತೆ. ಮನೆಯವರು ಕೀಲಿ ತಿರುವಿದರು. ಗಾಡಿ ಗೊರಗೊರ ಎಂದು ಸುಮ್ಮನಾಯಿತು.

“ಚಾಲೂ ಆಗವಲ್ದು,” ಎಂದರು.

“ಇಳೀರಿ. ಕೀಲಿ ಕೊಡ್ರಿ ಇಲ್ಲಿ.”

ಪೇಟೆಯೊಳಗೆ ರೊಟ್ಟಿ ಹಾಕಲೆಂದು ನಾನೂ ಗಾಡಿ ಕಲಿತಿದ್ದೆ, ಆದರೆ ಊರು ದಾಟಿರಲಿಲ್ಲ. ಕೂತು ಕೀಲಿ ತಿರುವಿದರೆ ಒಂದೇ ಸಲಕ್ಕೆ ಚಾಲೂ. ನಾನು ಅವರ ಮುಖ ನೋಡಿದೆ.

“ಹಿಂಗ್ಯಾಕ ನೋಡ್ತಿ? ನಾ ಏನ್ ಮಾಡೀನಿ?”

“ನೀವು ಮನ್ಯಾಗ ಇರ್ರಿ. ನೀವು ಕುಂತ್ರ ಇದು ಮತ್ತ ಕೆಡ್ತದ.”

ಹತ್ತಿ ಹೊಲಗಳ ನಡುವಿನ ದಾರಿಯುದ್ದಕ್ಕೂ ನನ್ನ ಕಿವಿ ಇಂಜಿನ್ನಿನ ಕಡೆಗೇ ಇತ್ತು. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಗಾಡಿಯನ್ನು ಅಂಚಿಗಿಳಿಸಿ ದಾರಿ ಬಿಡುತ್ತಿದ್ದೆ. ಆದರೂ ಕೊಂಕಲ್ ಮುಟ್ಟಿದಾಗ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ಸಲೀಸಾಗಿ ಬರುವ ಗಾಡಿ ಇಷ್ಟು ದಿನ ಯಾಕೆ ಬರಲಿಲ್ಲ?

“ಅಳಿಯಂದಿರು ಬರ್ಲಿಲ್ಲೇನವಾ?” ಎಂದಳು ಅವ್ವ.

“ಅವರು ಬಂದಿದ್ರ ಗಾಡಿ ಬರ್ತಿರಲಿಲ್ಲಬೇ.”

ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಹಿಂದಿನ ಎರಡು ಕಾರ್ಯಕ್ಕೆ ತಡವಾಗಿ ಬಂದ ಬಾಕಿಯನ್ನೂ ಸೇರಿಸಿ ಗುದ್ದಿದಂತಿತ್ತು.

ಸಂಜೆ ಹೊರಡಲು ಹತ್ತಿದರೆ ಗಾಡಿ ಉಸಿರೆತ್ತಲಿಲ್ಲ. ತಮ್ಮನೂ ಬೀಗರೂ ಸೇರಿ ನೂಕಿದರು. ನೂಕಿದಷ್ಟೇ ಹೋಯಿತು, ಅಲ್ಲೇ ನಿಂತಿತು. ಮನೆಯವರಿಗೆ ಫೋನ್ ಮಾಡಿದೆ.

“ಗಾಡಿ ಕೆಟ್ಟದರಿ.”

“ಖರೇನಾ ಕೆಟ್ಟದೇನು?”

“ಸುಳ್ಳು ಯಾಕ ಹೇಳ್ಲಿ?”

“ತವರುಮನ್ಯಾಗ ಎರಡು ದಿನ ಇರ್ಬೇಕಂದ್ರ ಇರು. ಪಾಪ, ಗಾಡಿ ಮ್ಯಾಲ ಯಾಕ ಹಾಕ್ತಿ?”

ತಮ್ಮನ ಕೈಗೆ ಫೋನ್ ಕೊಟ್ಟು ಸಾಕ್ಷಿ ಹೇಳಿಸಿದೆ. “ನಿಮ್ಮಕ್ಕನ ಪರ ನೀ ಹೇಳದಿದ್ರ ಮತ್ಯಾರ್ ಹೇಳ್ತಾರ” ಎಂದರಂತೆ. ಸಿಟ್ಟು ಬಂತು. ಕೆಟ್ಟ ಗಾಡಿಯನ್ನು ಕೆಟ್ಟಿದೆ ಎಂದು ನಂಬಿಸುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಮನೆಯವರು ಬಂದಿಳಿದರು. ಗಾಡಿಯ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು. “ಚೀಲದಾಗಿಂದು ಸಣ್ಣ ಪಾನಾ ಕೊಡು,” ಎಂದು ಕೈ ಚಾಚಿದರು. ಚೀಲ ತೆರೆದೆ. ನಟ್ಟು ಬಿಚ್ಚುವ ಪಾನಾ, ಇಕ್ಕಳಗಳ ಕೆಳಗೆ ಇಸ್ತ್ರಿ ಮಾಡಿದ ಅಂಗಿ, ಟವೆಲು, ಕೂಸಿನ ತಲೆಗೊಂದು ಹೊಸ ಕುಂಚಿಗೆ. ಪಾನಾ ನೋಡಿದರೆ ನನ್ನ ಮಾತು ನಂಬಿ ಬಂದಂತಿತ್ತು. ಅಂಗಿ ನೋಡಿದರೆ ನಂಬದೆ, ಉಳಿಯಲೆಂದೇ ಬಂದಂತಿತ್ತು. ಪಾನಾ ಕೊಟ್ಟು ಚೀಲದ ಬಾಯಿ ಮುಚ್ಚಿದೆ.

ಬ್ಯಾಟರಿಯ ವೈರು ಸಡಿಲವಾಗಿತ್ತಂತೆ. ಬಿಗಿ ಮಾಡಿ ಕೀಲಿ ತಿರುವಿದರು, ಗಾಡಿ ಗುಡುಗಿತು. ಬಂದ್ ಮಾಡಿ, ಕೈ ತೊಳೆದು, ಅಂಗಿ ಬದಲಿಸಿ, ಕುಂಚಿಗೆ ಹಾಕಿದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಯಾವಾಗ ಹೊರಡುವುದೆಂದು ನಾನು ಕೇಳಲಿಲ್ಲ.

ಅವ್ವ ಪಡಸಾಲೆಗೆ ಬಂದು, “ಗಾಡಿ ದುರಸ್ತ ಆಯ್ತೇನ್ರೀ?” ಎಂದಳು.

“ಇನ್ನಾ ಇಲ್ರಿ ಅತ್ತಿ. ನಾಳಿಗೆ ಆಗಬಹುದು,” ಎಂದರು ಮನೆಯವರು. ನಾನೂ ಹೌದೆಂದು ತಲೆಯಾಡಿಸಿದೆ.

ಗಾಡಿ ಚಾಲೂ ಆದ ಸದ್ದನ್ನು ಅರ್ಧ ಊರು ಕೇಳಿತ್ತು. ಅವ್ವ ಮೊದಲು ಅವರ ಮುಖ, ಆಮೇಲೆ ನನ್ನ ಮುಖ ನೋಡಿದಳು. ಹೋಳಿಗೆಗೆ ಬೇಳೆ ಇಡಲು ಒಳಗೆ ಹೋದಳು.