ಬೀಗ ಹಾಕಿದ ಮನೆಯಲ್ಲಿ ರೊಟ್ಟಿ ಸಪ್ಪಳ

ಬೆಳಿಗ್ಗೆ ಏಳಕ್ಕೆ ಅಶ್ವಿನಿ ಕಾಲೇಜಿಗೆ ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದಳು. ನಾನು ಒಳಗಿರುತ್ತಿದ್ದೆ. ಹಾಗೆ ಹಾಕು ಎಂದು ಹೇಳಿದವಳೂ ನಾನೇ. ಬೀಗ ಇಲ್ಲದಿದ್ದರೆ ಯಾರಾದರೂ ಬಾಗಿಲು ಬಡಿಯುತ್ತಾರೆ, ಬಡಿದರೆ ತೆಗೆಯಬೇಕು, ತೆಗೆದರೆ ಮರಾಠಿಯಲ್ಲಿ ಮಾತಾಡಬೇಕು. ಬೀಗ ಕಂಡರೆ ಬಂದವರು ಹಾಗೇ ತಿರುಗಿ ಹೋಗುತ್ತಾರೆ. ಸಂಭಾಜಿನಗರಕ್ಕೆ ಬಂದ ಮೊದಲ ಮೂರು ತಿಂಗಳು ನಾನು ಹೀಗೆ ಕಳೆದೆ.

ಮಯೂರಿ, ಓಂಕಾರ, ನಿಮ್ಮಕ್ಕ ಅಶ್ವಿನಿಯ ಊರಲ್ಲಿ ನಾನು ಏನು ಮಾಡುತ್ತೇನೆಂದು ಫೋನಿನಲ್ಲಿ ಕೇಳುತ್ತೀರಿ. ಫೋನ್ ಕೈಗೆ ಬಂದರೆ ನನಗೆ ಮಾತು ಮರೆತುಹೋಗುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಪ್ಪ ಓದಿ ಹೇಳಲಿ.

ನಿಮ್ಮ ಅಜ್ಜ ಹೋದ ಮೇಲೆ ಬೀದರ ಕಡೆಯ ಊರು ಬಿಟ್ಟು ನಾನು ನಾಸಿಕಕ್ಕೆ ನಿಮ್ಮ ಮನೆಗೆ ಬಂದೆ. ಅಲ್ಲೂ ನಾನು ಹೊರಗೆ ಹೋದದ್ದು ಕಡಿಮೆ. ಆದರೂ ಮನೆಯಲ್ಲಿ ನಿಮ್ಮ ಜಗಳ ಇತ್ತು, ಬೆಳಗಾದರೆ ನಳದಲ್ಲಿ ನೀರಿತ್ತು. ಅಶ್ವಿನಿಗೆ ಇಲ್ಲಿ ಫಾರ್ಮಸಿ ಸೀಟು ಸಿಕ್ಕಾಗ ನಿಮ್ಮಪ್ಪ ಒಂದೇ ಮಾತು ಹೇಳಿದ: "ಹಾಸ್ಟೆಲ್ ಬ್ಯಾಡ. ಅವ್ವ ಜೋಡಿಗಿ ಇದ್ರ ಮನಿಯಾಗ ಇದ್ದಂಗೇ." ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಗೋಣು ಹಾಕಿದೆ.

ಮೂರನೇ ಮಾಳಿಗೆಯಲ್ಲಿ ಒಂದು ಕೋಣೆ, ಅದರಲ್ಲೇ ಒಲೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ಕಾಲೇಜು ಊರ ಹೊರಗೆ. ಅಶ್ವಿನಿ ಒಂದು ಬಸ್ಸು, ಒಂದು ಶೇರ್ ರಿಕ್ಷಾ ಬದಲಿಸಿ ಹೋಗಬೇಕು. ಸಂಜೆ ಏಳಕ್ಕೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಕಣ್ಣು ಮುಚ್ಚುತ್ತಿದ್ದವು. ನಮ್ಮ ಗಲ್ಲಿಗೆ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಅದೂ ಕೆಳಗಿನ ನಳಕ್ಕೆ, ಬಂದರೆ ಒಂದು ತಾಸು. ಎಲ್ಲರೂ ಕೊಡ ಹಿಡಿದು ಓಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಜೋಳದ ರೊಟ್ಟಿಗೆ ಇಲ್ಲಿಯವರು ಭಾಕರಿ ಎನ್ನುತ್ತಾರೆ, ಬಡಿಯುವ ಸಪ್ಪಳ ಒಂದೇ. ಬಾಗಿಲ ಆಚೆ ಯಾರದೋ ಹೆಜ್ಜೆ ನಿಂತಿತು. "ಆತ ಕೋಣ ಆಹೇ?" ಎಂದಳು ಎದುರು ಮನೆಯ ಮಂದಾತಾಯಿ. ಒಳಗೆ ಯಾರಿದ್ದೀರಿ ಎಂದು. ಹೊರಗೆ ಬೀಗ, ಒಳಗೆ ರೊಟ್ಟಿ ಸಪ್ಪಳ; ಪಾಪ, ಅವಳಿಗೆ ಎದೆ ಹೊಡೆದುಕೊಂಡಿರಬೇಕು. ಆಕೆ ಕೇಳಿದ್ದು ನನಗೆ ತಿಳಿದಿತ್ತು, ಬಾಯಿ ಮಾತ್ರ ಏಳಲಿಲ್ಲ. ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ಕೂತೆ.

ಮರುದಿನ ಆಕೆ ಅಶ್ವಿನಿಯನ್ನು ಕೇಳಿ ತಿಳಿದುಕೊಂಡಿದ್ದಳು. ಮುಂದಿನ ಸಲ ನೀರು ಬಂದಾಗ ನಮ್ಮ ಬಾಗಿಲು ಬಡಿದು "ಆಜಿ, ಪಾಣಿ ಆಲಂ!" ಎಂದು ಕೂಗಿದಳು. ನನ್ನ ಡ್ರಮ್ಮಿನಲ್ಲಿ ತಳದ ನೀರಷ್ಟೇ ಇತ್ತು. ಬಾಗಿಲ ಹಿಂದಿನಿಂದಲೇ ನಮಗೂ ಎರಡು ಕೊಡ ಹಿಡಿದಿಡಿ ಎಂದು ಕೇಳಬಹುದಿತ್ತು. ನಾನು ಉಸಿರು ಬಿಗಿಹಿಡಿದು ಗೋಡೆಗೆ ಆತು ನಿಂತೆ. ಕೆಳಗೆ ಕೊಡಗಳ ಸದ್ದು ಅಡಗಿತು.

ಆ ಸಂಜೆ ಅಶ್ವಿನಿ ಪಕ್ಕದ ಗಲ್ಲಿಯ ಟ್ಯಾಂಕರಿನಿಂದ ಮೂರು ಮಾಳಿಗೆ ನೀರು ಹೊತ್ತಳು. ಪ್ರಾಕ್ಟಿಕಲ್ ಪುಸ್ತಕ ಬರೆಯಲು ಕೂತವಳು ಅದರ ಮೇಲೇ ಮಲಗಿಬಿಟ್ಟಳು. ಮರುದಿನ ಪುಸ್ತಕ ಅರ್ಧವೆಂದು ಅವಳನ್ನು ಪ್ರಾಕ್ಟಿಕಲ್ಲಿಗೆ ಕೂಡಿಸಲಿಲ್ಲ.

ಮನೆಗೆ ಬಂದು ಬೀಗ ತೆಗೆದಳು, ಚೀಲ ಮೂಲೆಗೆ ಒಗೆದಳು. "ಹಾಸ್ಟೆಲ್‌ದಾಗ ಒಂದ್ ಕಾಟ್ ಖಾಲಿ ಆಗ್ಯಾದ ಆಜಿ. ಪಪ್ಪಾಗ ಕೇಳಿದ್ರ ಏನಂತಾರ ಗೊತ್ತಾ? ಆಜಿ ಅದಾಳಲ್ಲ! ನೀ ಅದಿ ಅಂತೇ ನಂಗ್ ಹಾಸ್ಟೆಲ್ ಇಲ್ಲ."

ಸ್ವಲ್ಪ ಹೊತ್ತಿಗೆ ಬಂದು ನನ್ನ ಮಡಿಲಲ್ಲಿ ತಲೆ ಇಟ್ಟಳು. "ಸಾರಿ ಆಜಿ. ಸಿಟ್ಟಿನಾಗ ಅಂದೆ."

"ಸಿಟ್ಟಿನಾಗ ಅಂದ್ರೇನು, ಖರೇನೇ ಅದ," ಎಂದೆ. ಆ ಮಾತು ನನಗೆ ಅಂದೇ ಮೊದಲ ಸಲ ಹೊಳೆದದ್ದು. ನಾನು ಬೀಗ ಹಾಕಿಸಿಕೊಂಡದ್ದು ನನಗೊಬ್ಬಳಿಗೆ ಎಂದುಕೊಂಡಿದ್ದೆ.

ಆ ಭಾನುವಾರ ಅವಳ ಕೈ ಹಿಡಿದು ಹಾಸ್ಟೆಲ್ ನೋಡಲು ಹೋದೆ. ಹುಡುಗಿಯರ ಹಾಸ್ಟೆಲೆಂದರೆ ಎತ್ತರದ ಗೋಡೆ, ಗೇಟು, ಸೆರೆಮನೆ ಎಂದೇ ನನ್ನ ತಲೆಯಲ್ಲಿತ್ತು. ಗೋಡೆ, ಗೇಟು ಎರಡೂ ಇದ್ದವು. ಆದರೆ ನಳ ತಿರುವಿದರೆ ನೀರು ಬಿತ್ತು. ನಾನು ಎರಡು ಸಲ ತಿರುವಿ ನೋಡಿದೆ, ಅಶ್ವಿನಿ ನಕ್ಕಳು. ಗ್ರಂಥಾಲಯಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವಷ್ಟೇ ದೂರ. ಒಬ್ಬ ಹುಡುಗಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ಹಚ್ಚುವವಳಿಗೇ ಪಾಠ ಹೇಳಿಕೊಡುತ್ತಿದ್ದಳು. ಸಿಲ್ಲೋಡಿನ ಕಡೆಯ ಇನ್ನೊಬ್ಬಳಿಗೆ ಜ್ವರ; ಅವಳು ಮಲಗಿದ ಕಾಟಿನ ಸುತ್ತ ನಾಲ್ಕು ಜನ, ಒಬ್ಬಳ ಕೈಯಲ್ಲಿ ಗಂಜಿ, ಒಬ್ಬಳು ಅವಳ ಪುಸ್ತಕ ಬರೆದುಕೊಡುತ್ತಿದ್ದಳು. ಅರ್ಥವಾಗದ್ದನ್ನು ಕೇಳಲು ಪಕ್ಕದ ಕೋಣೆ ಸಾಕು. ಬಸ್ಸಿನಲ್ಲಿ ಹೋಗುವ ಮೂರು ತಾಸು ಇವರೆಲ್ಲರ ಕೈಯಲ್ಲಿ ಉಳಿದಿತ್ತು. ಮೆಸ್ಸಿನ ಬೇಳೆ ಮಾತ್ರ ನೀರು ನೀರು, ಅದನ್ನು ಹೊಗಳಲಾರೆ.

ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಬಾಯಿ ಅರ್ಜಿ ಮುಂದಿಟ್ಟರು. ತಂದೆ ಒಪ್ಪಬೇಕು. ಜೊತೆಗೆ ಸ್ಥಾನಿಕ ಪಾಲಕರ ಸಹಿ ಬೇಕು, ಅಂದರೆ ಇದೇ ಊರಲ್ಲಿರುವ ರಕ್ತಸಂಬಂಧಿ. ಹುಡುಗಿಗೆ ಏನಾದರೂ ಆದರೆ ತಾಸಿನೊಳಗೆ ಬರುವಂತಿರಬೇಕು.

ಅಶ್ವಿನಿಯ ಮುಖ ಇಳಿಯಿತು. ಅವಳು ಹಾಸ್ಟೆಲಿಗೆ ಹೋದರೆ ನಾನು ನಾಸಿಕಕ್ಕೆ ಬರುವುದೆಂದು ದಾರಿಯುದ್ದಕ್ಕೂ ಮಾತಾಡಿಕೊಂಡಿದ್ದೆವು. ನಾನು ಆಗಲೇ ಮನಸ್ಸಿನಲ್ಲಿ ನಿಮ್ಮ ಜಗುಲಿಯಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದೆ.

"ಬಸುಗ ಫೋನ್ ಹಚ್ಚು," ಎಂದೆ.

"ಏನವ್ವಾ? ಏನಾರ ಬೇಕಿತ್ತೇನು?" ಎಂದ ನಿಮ್ಮಪ್ಪ.

"ಅಶ್ವಿನಿಗಿ ಹಾಸ್ಟೆಲಿಗಿ ಹಾಕ್ತೀನಿ."

"ನೀ ಅದಿ ಅಂತೇ ನಾ ಆಕಿಗಿ ಅಲ್ಲಿ ಕಳಸೀನಿ. ಮನಿ ಇದ್ದು ಹಾಸ್ಟೆಲ್ ಯಾಕ? ಆಕಿನೇ ಕಲಿಸಿ ಕೊಟ್ಟಾಳೇನು ನಿನಗ?"

"ನಾ ಕಣ್ಣಿಲೆ ನೋಡೀನಿ. ನನ್ನ ಜೋಡಿ ಇದ್ರ ಆಕಿಗಿ ಓದಲಾಕ ಆಗಲ್ಲ."

"ಹಂಗಾದ್ರ ನೀ ಇಲ್ಲಿಗೇ ಬಂದುಬಿಡು. ಅಲ್ಲೇನ್ ಮಾಡ್ತಿ?"

"ಸಹಿ ಮಾಡ್ದಾಕಿ ಊರಾಗೇ ಇರಬೇಕಂತ. ನಾ ಇಲ್ಲೇ ಇರ್ತೀನಿ."

ಅವನು ಕೇಳಿದ: "ಒಬ್ಬಾಕಿನೇ?"

ತವರಿನಲ್ಲಿ, ಗಂಡನ ಮನೆಯಲ್ಲಿ, ಮಗನ ಮನೆಯಲ್ಲಿ ನಾನು ಒಂದು ದಿನವೂ ಒಬ್ಬಳೇ ಇದ್ದವಳಲ್ಲ. "ಒಬ್ಬಾಕಿನೇ," ಎಂದೆ.

"ಆ ಹಾಸ್ಟೆಲ್ ಬಾಯಿಗಿ ಫೋನ್ ಕೊಡು," ಎಂದ.

ಅಶ್ವಿನಿ ಹೋಗಿ ಈಗ ಆರು ತಿಂಗಳು. ಕೋಣೆ ದೊಡ್ಡದಾಗಿಲ್ಲ, ಎದುರಿನ ಗೋಡೆಯೂ ಸರಿದಿಲ್ಲ. ಬೀಗದ ಕೈ ಈಗ ನನ್ನ ಸೆರಗಿನಲ್ಲಿದೆ, ಆದರೂ ಎಷ್ಟೋ ದಿನ ಹೊಸ್ತಿಲು ದಾಟುವುದಿಲ್ಲ. ಹೊರಗಿನಿಂದ ಬೀಗ ಹಾಕುವವರಿಲ್ಲವಲ್ಲ ಎಂದು ಒಮ್ಮೊಮ್ಮೆ ಭಯವೇ ಆಗುತ್ತದೆ. ಮಂದಾತಾಯಿ ನೀರು ಬಂತೆಂದು ಕೂಗಿದರೆ ಮಾತ್ರ "ಆಲೇ, ಆಲೇ" ಎನ್ನುತ್ತ ಕೊಡ ಹಿಡಿದು ಇಳಿಯುತ್ತೇನೆ. ಬಂದೆ, ಬಂದೆ ಎಂದು. ನನ್ನ ಮರಾಠಿ ಸದ್ಯ ಅಷ್ಟೇ. "ಭೂತಾಚಿ ಆಜಿ" ಎಂದು, ಅಂದರೆ ಭೂತದ ಅಜ್ಜಿ ಎಂದು ಕರೆದು ಆಕೆ ನಗಿಸುತ್ತಾಳೆ.

ಭಾನುವಾರ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋಗುತ್ತೇನೆ. ಗೇಟಿನ ವಹಿಯಲ್ಲಿ ಹೆಸರು ಬರೆದು, ಊರು ಎಂಬಲ್ಲಿ ಪ್ರತಿ ಸಲ ತಡೆಯುತ್ತೇನೆ. ಹಳ್ಳಿಯ ಮನೆಗೆ ಬೀಗವಿದೆ. ನಾಸಿಕದಲ್ಲಿ ನನ್ನ ಹಾಸಿಗೆಯ ಮೇಲೆ ಈಗ ಓಂಕಾರ ಮಲಗುತ್ತಾನಂತೆ. ದೀಪಾವಳಿಗೆ ಬಂದಾಗ ನಿಮ್ಮ ನಳದಲ್ಲಿ ನೀರು ಸುರಿಯುತ್ತಿದ್ದರೂ ನಾನು ಕೊಡಗಳನ್ನೆಲ್ಲ ತುಂಬಿಟ್ಟಿದ್ದೆ, ನೀವು ನಕ್ಕಿರಿ. ವಹಿಯಲ್ಲಿ ಸಂಭಾಜಿನಗರ ಎಂದೇ ಬರೆಯುತ್ತೇನೆ. ಹಾಗೆ ಬರೆದರೆ ಮಾತ್ರ ಅವಳಿಗೆ ಆ ಕಾಟು.

ಮಯೂರಿ, ಮುಂದಿನ ವರ್ಷ ನಿನ್ನ ಹನ್ನೆರಡನೆಯದು ಮುಗಿಯುತ್ತದೆ. ನಿನಗೆ ಯಾವ ಊರಲ್ಲಿ ಸೀಟು ಸಿಗುವುದೋ, ಅಲ್ಲೆಲ್ಲ ಬಂದು ಸಹಿ ಹಾಕಲು ನನ್ನಿಂದ ಆಗದು. ಬಸು, ಇದನ್ನು ಓದುತ್ತಿರುವವನು ನೀನು. ಇಲ್ಲಿಗೆ ನಿಲ್ಲಿಸಬೇಡಪ್ಪಾ, ಈ ಕೊನೆಯ ಸಾಲನ್ನೂ ಮಗಳಿಗೆ ಕೇಳಿಸುವಂತೆ ಓದು: ಅವಳನ್ನು ಹಾಸ್ಟೆಲಿನಲ್ಲಿ ಇರಿಸು.